ಬಣ್ಣ ಆರದ ಗೋಡೆಯ ಎದುರು ಗಿರಿಜ

೧೯೭೬ರಲ್ಲಿ ನಾನು ಬೆಂಗಳೂರಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿದ್ದೆ. ಹಾಗೆಂದರೆ ಏನು ಕೆಲಸ ಎಂಬುದು ಆಗ ನನ್ನ ಮನೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಮತ್ತೆ ಏನು ಮಾಡ್ತೀಯ ಎಂದು ಅತ್ತೆ ಕೇಳುತ್ತಿದ್ದರು. ಡಾಕ್ಟರು ಕಾಯಿಲೆಯನ್ನು ನೋಡುತ್ತಾರೆ, ನಾವು ರೋಗಿ ವಾಪಸು ಹೋಗಬೇಕಾದ ಮನೆಯನ್ನು ನೋಡುತ್ತೇವೆ ಎಂದು ನಾನು ಉತ್ತರ ಕೊಡುತ್ತಿದ್ದೆ. ಮನೆಗೆ ಹೋಗಿ ಅಲ್ಲಿಯ ಜನರೊಂದಿಗೆ ಮಾತಾಡಿ, ರೋಗಿಯನ್ನು ಮತ್ತೆ ಸೇರಿಸಿಕೊಳ್ಳಲು ಅವರನ್ನು ಒಪ್ಪಿಸುವುದಕ್ಕೆ ‘ಹೋಮ್ ವಿಸಿಟ್’ ಎನ್ನುತ್ತಿದ್ದೆವು. ನನ್ನ ಸರ್ವಿಸಿನಲ್ಲಿ ಇಂಥ ಎಷ್ಟೋ ಮನೆಗಳ ಮೆಟ್ಟಿಲು ಹತ್ತಿದ್ದೇನೆ. ಬೈಸಿಕೊಂಡಿದ್ದೇನೆ, ನನ್ನ ಮೇಲೆ ನಾಯಿ ಬಿಟ್ಟವರೂ ಇದ್ದಾರೆ. ಅವೆಲ್ಲ ಮರೆತುಹೋಗಿವೆ. ಒಂದು ಮಾತ್ರ ಮರೆತಿಲ್ಲ.

ಗಿರಿಜ ನಮ್ಮ ಹೆಂಗಸರ ವಾರ್ಡಿಗೆ ಸೇರಿ ಆಗ ಕೆಲವು ವರ್ಷಗಳಾಗಿದ್ದವು. ಅವಳ ಹೆಸರನ್ನೂ ಅವಳ ಮನೆಯವರ ಹೆಸರುಗಳನ್ನೂ ಇಲ್ಲಿ ಬದಲಾಯಿಸಿದ್ದೇನೆ. ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದಾಗ ಅವಳಿಗೆ ಕಾಯಿಲೆ ಶುರುವಾಯಿತು. ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುತ್ತಿತ್ತು. ಊಟದಲ್ಲಿ ವಿಷ ಹಾಕಿದ್ದಾರೆಂದು ತಟ್ಟೆ ದೂಡುತ್ತಿದ್ದಳು. ಒಂದು ದಿನ ನಡುಮಧ್ಯಾಹ್ನ ಕೂದಲು ಬಿಚ್ಚಿಕೊಂಡು ಪೇಟೆಯಲ್ಲಿ ಓಡಿದಳು. ಇದು ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ. ಅವಳ ತಂದೆ ಶಿವಲಿಂಗಪ್ಪನವರು ಜವಳಿ ವ್ಯಾಪಾರಿ, ಊರಿನಲ್ಲಿ ಹೆಸರಿದ್ದವರು. ಮಗಳನ್ನು ನಮ್ಮಲ್ಲಿ ಸೇರಿಸಿದರು. ಮೊದಮೊದಲು ದಾವಣಗೆರೆಯಿಂದ ರಾತ್ರಿ ರೈಲಿಗೆ ಹೊರಟು ಬಂದು ಅವಳನ್ನು ನೋಡಿಕೊಂಡು ಹೋಗುತ್ತಿದ್ದರು. ಊರಿನವರ ಬಾಯಿ ತಡೆಯಲಾಗದೆ ವ್ಯಾಪಾರವನ್ನೇ ಬೆಂಗಳೂರಿಗೆ ತಂದು, ರಾಜಾಜಿನಗರದಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದರು. ಹೀಗೆ ಹತ್ತಿರಕ್ಕೆ ಬಂದ ಮೇಲೆ ಅವರು ಆಸ್ಪತ್ರೆಗೆ ಬರುವುದು ಕಡಿಮೆಯಾಯಿತು.

ಚಿಕಿತ್ಸೆಯಿಂದ ಗಿರಿಜ ಗುಣವಾದಳು. ಮಾತುಗಳು ಕೇಳಿಸುವುದು ನಿಂತಿತು. ವಾರ್ಡಿನಲ್ಲಿ ಬೇರೆ ರೋಗಿಗಳಿಗೆ ತಲೆ ಬಾಚುವುದು, ಊಟ ಬಡಿಸುವುದು, ಹೊಲಿಗೆ ವಿಭಾಗದಲ್ಲಿ ದಿಂಬಿನ ಚೀಲ ಹೊಲಿಯುವುದು, ಎಲ್ಲ ಮಾಡುತ್ತಿದ್ದಳು. ಆದರೆ ಔಷಧಿ ಅವಳ ರೂಪವನ್ನು ಬದಲಿಸಿತ್ತು. ಮೈ ಊದಿತ್ತು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಹೇನಿನ ಕಾಟಕ್ಕೆ ಕೂದಲನ್ನು ಗಿಡ್ಡ ಕತ್ತರಿಸಿದ್ದರು. ಕೈಗಳಲ್ಲಿ ಸಣ್ಣ ನಡುಕವಿತ್ತು. ಡಾಕ್ಟರು ನನ್ನನ್ನು ಕರೆದು, “ಇವಳನ್ನ ಇನ್ನೂ ಇಲ್ಲೇ ಇಟ್ಕೊಂಡ್ರೆ ಇಲ್ಲಿಯವಳೇ ಆಗಿಬಿಡ್ತಾಳೆ. ಮನೆಯವರ ಜೊತೆ ಮಾತಾಡಿ” ಎಂದರು.

ನಾನು ರಾಜಾಜಿನಗರಕ್ಕೆ ಹೋದಾಗ ಮನೆಯಲ್ಲಿ ಗೋಡೆ ಕೆರೆಯುವ ಕೆಲಸ ನಡೆದಿತ್ತು. ಗಿರಿಜಳ ತಂಗಿ ಶೈಲಜಳಿಗೆ ಮದುವೆ ಗೊತ್ತಾಗಿತ್ತು. ತಾಯಿ ಗೌರಮ್ಮ ಸೆರಗಿನಿಂದ ಒಂದು ಕುರ್ಚಿ ಒರೆಸಿ ಕೊಟ್ಟರು. ದೊಡ್ಡ ಮಗಳ ಮಾತೆತ್ತಿದ ಕೂಡಲೇ ಬಣ್ಣದವರಿಗೆ ಕೇಳಿಸದಂತೆ ನನ್ನನ್ನು ಅಡುಗೆಮನೆಗೆ ಕರೆದೊಯ್ದರು.

“ಈ ಮದುವಿ ಒಂದು ಮುಗೀಲಿ ಮೇಡಂ. ಆಮೇಲೆ ನಾವೇ ಬಂದು ಕರ್ಕೊಂಡು ಬರ್ತೀವಿ.”

“ಪೂರ್ತಿ ಕರ್ಕೊಂಡು ಬನ್ನಿ ಅಂತ ನಾನೂ ಹೇಳ್ತಿಲ್ಲ ಗೌರಮ್ಮಾ. ಒಂದು ದಿನ, ಬೆಳಗ್ಗೆಯಿಂದ ಸಂಜೆವರೆಗೆ. ನಾನೇ ಜೊತೇಲಿ ಬರ್ತೀನಿ. ಮನೆ ಅವಳಿಗೆ ಅಭ್ಯಾಸ ಆಗ್ಬೇಕು, ನಿಮಗೂ ಅವಳು ಅಭ್ಯಾಸ ಆಗ್ಬೇಕು.”

ಗೌರಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದರು. ಶಿವಲಿಂಗಪ್ಪನವರು, “ಗುರುವಾರ ಬರ್ರಿ. ಅವತ್ತು ಕೆಲಸದೋರು ಇರೋದಿಲ್ಲ. ನನಗೂ ಮಗಳನ್ನ ನೋಡಬೇಕು ಅನ್ನಿಸ್ತೈತಿ” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಆ ಮನುಷ್ಯ ಮಗಳನ್ನು ಪ್ರೀತಿಸುತ್ತಿರಲಿಲ್ಲ ಎಂದು ನಾನು ಇವತ್ತಿಗೂ ಹೇಳಲಾರೆ. ಪ್ರೀತಿ ಇಲ್ಲದಿದ್ದರೆ ಅವತ್ತು ನಾವು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ, ನಡೆದದ್ದು ನಡೆಯುತ್ತಲೂ ಇರಲಿಲ್ಲ.

ಸುದ್ದಿ ಹೇಳಿದಾಗ ಗಿರಿಜ ಒಂದೇ ಪ್ರಶ್ನೆ ಕೇಳಿದಳು. “ಆ ಮನಿ ನಾನು ನೋಡೇ ಇಲ್ಲಲ್ರೀ. ಪಟಗಳು ಹಳೇವೇ ಅದಾವೇನು?”

ಇವೆ, ಬಣ್ಣ ಬಳಿಯುತ್ತಿದ್ದಾರೆಂದು ಎಲ್ಲ ಇಳಿಸಿ ಇಟ್ಟಿದ್ದಾರೆ ಎಂದೆ. ಅವಳ ಮುಖ ಅರಳಿತು. ಹಳೆಯ ಮನೆಯ ನಡುಮನೆಯಲ್ಲಿ ಯಾವ ಪಟದ ಪಕ್ಕ ಯಾವುದಿತ್ತು ಎಂದು ವರ್ಣಿಸತೊಡಗಿದಳು. ಶಿವ ಪಾರ್ವತಿಯರ ಪಟ, ಅದರ ಬಲಕ್ಕೆ ಮಠದ ಹಿರಿಯ ಸ್ವಾಮಿಗಳು, ಎಡಕ್ಕೆ ಅಜ್ಜ ಅಜ್ಜಿ. ಬಾಗಿಲ ಮೇಲೆ ಅವಳೇ ದಾರದಲ್ಲಿ ಹಾಕಿದ ಜೋಡಿ ಗಿಣಿಗಳ ಕಸೂತಿ, ಗಾಜಿನ ಕಟ್ಟು ಹಾಕಿಸಿದ್ದು. “ಅವ್ವಗೆ ಈ ಸಾಲು ನೆನಪಿರಂಗಿಲ್ಲ. ನಾನೇ ಹಾಕ್ತೀನಿ” ಎಂದಳು.

ಗುರುವಾರ ಬಸ್ಸು ಹಿಡಿದು ಹೋದೆವು. ಗಿರಿಜ ಆಸ್ಪತ್ರೆಯ ಬಿಳಿ ಸೀರೆ ಬಿಟ್ಟು, ನಾನು ಕೊಟ್ಟ ಒಂದು ಹಳೆಯ ನೂಲಿನ ಸೀರೆ ಉಟ್ಟಿದ್ದಳು. ಮನೆಯೊಳಗೆ ಡಿಸ್ಟೆಂಪರ್ ಬಣ್ಣದ ವಾಸನೆ ಗಾಢವಾಗಿತ್ತು. ತಿಳಿಹಸಿರು ಗೋಡೆ ಅಲ್ಲಲ್ಲಿ ಇನ್ನೂ ಹಸಿ. ಬಡಗಿ ಬಂದು ಗೋಡೆಗೆ ಮರದ ಬೆಣೆ ಬಡಿದು ಮೊಳೆಗಳನ್ನು ಹೊಡೆದು ಹೋಗಿದ್ದ. ಪಟಗಳನ್ನು ತೂಗುಹಾಕುವುದಷ್ಟೇ ಬಾಕಿ. ಅವೆಲ್ಲ ಗೋಡೆಯ ಬುಡಕ್ಕೆ ಒರಗಿ ನಿಂತಿದ್ದವು.

ತಾಯಿ ಮಗಳನ್ನು ತಬ್ಬಿಕೊಂಡರು. ಶೈಲಜ “ಅಕ್ಕಾ” ಎಂದು ಹತ್ತಿರ ಬಂದವಳು ಅವಳ ಕತ್ತರಿಸಿದ ಕೂದಲನ್ನು ಕಂಡು ಅಲ್ಲೇ ನಿಂತಳು. ತಂದೆ ಕುರ್ಚಿ ಎಳೆದು, “ಕೂಡವ್ವಾ, ದಣಿದಿರ್ತಿ” ಎಂದರು. ಗಿರಿಜ ಕೂರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಗಲಿಗೆ ಒಂದು ಒರೆಸುವ ಬಟ್ಟೆ ಹಾಕಿಕೊಂಡು ಸ್ಟೂಲು ಹತ್ತಿದಳು. ಶೈಲಜ ಪಟ ಎತ್ತಿ ಕೊಡುವುದು, ಗಿರಿಜ ಹುರಿಯನ್ನು ಮೊಳೆಗೆ ಸಿಕ್ಕಿಸುವುದು. ಸ್ವಲ್ಪ ಹೊತ್ತಿನಲ್ಲಿ ಅಕ್ಕತಂಗಿಯರು ಮಾತಿಗೆ ಬಿದ್ದರು. “ಗೋಡೆ ಮುಟ್ಟಬ್ಯಾಡ, ಹಸಿ ಐತಿ” ಎಂದು ಗಿರಿಜ ತಂಗಿಯನ್ನು ಗದರುತ್ತಿದ್ದಳು. ಅವಳ ಅಂಗೈಗಳಿಗೇ ಹಸಿರು ಮೆತ್ತಿತ್ತು. ನಾನು ಒಂದು ಮೂಲೆಯಲ್ಲಿ ಕಾಫಿ ಕುಡಿಯುತ್ತ, ಈ ಕೇಸು ಗೆದ್ದಂತೆಯೇ ಎಂದುಕೊಂಡೆ.

ಎಲ್ಲ ಪಟ ಮುಗಿದವು. ಬಾಗಿಲಿಗೆ ಎದುರಾದ ಗೋಡೆಯಲ್ಲಿ ಒಂದು ಮೊಳೆ ಖಾಲಿ ಉಳಿಯಿತು.

“ಇದು ಯಾವುದಕ್ಕ?” ಎಂದು ಗಿರಿಜ ಕೇಳಿದಳು. ಬೀರುವಿನ ಸಂದಿಯಲ್ಲಿ ಹಳೆಯ ಪೇಪರು ಸುತ್ತಿ ಹುರಿ ಕಟ್ಟಿದ ಒಂದು ಕಟ್ಟು ಗೋಡೆಯ ಕಡೆಗೆ ಮುಖ ಮಾಡಿತ್ತು. ಅವಳು ಅದನ್ನು ಎಳೆದಳು.

“ಅದು ಇರ್ಲಿ ಬಿಡವ್ವಾ” ಎಂದು ಶಿವಲಿಂಗಪ್ಪನವರು ಏಳುವಷ್ಟರಲ್ಲಿ ಪೇಪರು ಬಿಚ್ಚಿಯಾಗಿತ್ತು.

ಒಳಗಿದ್ದದ್ದು ಅವಳದೇ ಫೋಟೋ. ಕಾಲೇಜಿಗೆ ಸೇರಿದ ವರ್ಷ ಸ್ಟುಡಿಯೋದಲ್ಲಿ ತೆಗೆಸಿದ್ದು. ಎರಡು ಜಡೆ, ತೆಳ್ಳನೆಯ ಮುಖ. ಹೊಸ ಕಟ್ಟು, ಹೊಸ ಗಾಜು. ಗಾಜಿನ ಮೇಲೆ ಮೂರು ಗೆರೆ ವಿಭೂತಿ. ಸುತ್ತ ಗಂಧದ ಚಕ್ಕೆಯ ಹಾರ.

ನಮ್ಮಲ್ಲಿ ಆ ಹಾರವನ್ನು ಯಾರ ಫೋಟೋಕ್ಕೆ ಹಾಕುತ್ತಾರೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಗಿರಿಜ ಕೇಳಿದಳು. “ನನ್ನ ಫೋಟೋಕ್ಕ ಯಾಕ ಹಾರ ಹಾಕೀರಿ?”

ಶೈಲಜ ಬಾಯಿಗೆ ಸೆರಗು ಒತ್ತಿಕೊಂಡಳು. ತಂದೆ ಮತ್ತೆ ಕುರ್ಚಿಯಲ್ಲಿ ಕೂತರು. ಉತ್ತರವನ್ನು ಮಗಳಿಗೆ ಹೇಳಲಿಲ್ಲ, ನನ್ನ ಕಡೆ ತಿರುಗಿ ಹೇಳಿದರು, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

“ಶೈಲೂಗೆ ಬಂದ ಎರಡು ಸಂಬಂಧ ದೊಡ್ಡಾಕಿ ಕಾಯಿಲೆ ಸುದ್ದಿ ತಿಳಿದು ಮುರಿದುಬಿದ್ವು ಮೇಡಂ. ಈ ಸಲ ಅವರು, ಎಷ್ಟು ಮಕ್ಕಳು ಅಂದ್ರು. ಇಬ್ರು ಅಂದೆ. ದೊಡ್ಡಾಕಿ ಎಲ್ಲದಾಳ ಅಂದ್ರು. ತೀರ್ಕೊಂಡ್ಲು ಅಂತ ಬಾಯಿಗೆ ಬಂದುಬಿಡ್ತು.”

“ಸರಿ, ಬಾಯಿಗೆ ಬಂತು. ಈ ಫೋಟೋ ಯಾಕೆ?”

ಇದಕ್ಕೆ ಗೌರಮ್ಮ ಉತ್ತರ ಕೊಟ್ಟರು. “ನಾಳೆ ಬೀಗರು ಮನಿ ನೋಡಾಕ ಬರ್ತಾರಲ್ರೀ. ಸತ್ತ ಮಗಳ ಫೋಟೋ ಇಲ್ಲದ ಮನಿ ಇರತೈತೇನು? ನಂಬತಾರೇನು?” ಆಮೇಲೆ ಮಗಳ ಗಲ್ಲ ಹಿಡಿದು, “ಮದುವಿ ಮುಗಿಯೋ ತನಕ ಅಷ್ಟೇ ನನ್ನವ್ವಾ. ಆಮೇಲೆ ತೆಗೆದು ಒಗೀತೀನಿ” ಎಂದರು.

ಗಿರಿಜ ಏನಾದರೂ ಹೇಳುವ ಮೊದಲೇ ಗೇಟು ಸದ್ದಾಯಿತು. ಶೈಲಜ ಕಿಟಕಿಯಿಂದ ನೋಡಿ, “ಅವರೇ, ನಮ್ಮತ್ತೆ ಆಗೋರು!” ಎಂದಳು.

ಗೌರಮ್ಮ ಮಗಳ ಕೈಯಿಂದ ಫೋಟೋ ಕಿತ್ತುಕೊಂಡರು. ಗಿರಿಜ ಒಂದು ಕ್ಷಣ ಬಿಡಲಿಲ್ಲ. ತಾಯಿ ಮಗಳು ಆ ಕಟ್ಟನ್ನು ಹಿಡಿದು ಎಳೆದಾಡಿದರು. ಆಮೇಲೆ ಗಿರಿಜ ಬೆರಳು ಸಡಿಲಿಸಿದಳು. ಗೌರಮ್ಮ ಸ್ಟೂಲು ಹತ್ತಿ ಫೋಟೋವನ್ನು ಮೊಳೆಗೆ ಸಿಕ್ಕಿಸಿ ಇಳಿದರು.

ಬಂದವರು ಹುಡುಗನ ತಾಯಿ ಸರ್ವಮಂಗಳಮ್ಮ. ಮನೆ ಬಸವೇಶ್ವರನಗರದಲ್ಲಿ. ಜೊತೆಗೆ ಹುಡುಗನ ಸೋದರಮಾವ ಇದ್ದರು, ಅವರು ಬಾಯಿ ತೆರೆದದ್ದು ಕಾಫಿಗೆ ಮಾತ್ರ. “ನಾಳೆ ಬರೋದು ಅಂತಿತ್ತು. ಇದೇ ದಾರೀಲಿ ಬಂದಿದ್ವಿ, ಹಾಗೇ ನುಗ್ಗಿಬಿಟ್ವಿ. ಬೇಜಾರಿಲ್ಲ ತಾನೆ?” ಎಂದು ಸರ್ವಮಂಗಳಮ್ಮ ನಗುತ್ತ ಬಂದು ಕೂತರು. ನಿಜವಾಗಿಯೂ ಒಳ್ಳೆಯ ಹೆಂಗಸು. ಅಂದು ಅವರು ಆಡಿದ ಒಂದೊಂದು ಮಾತೂ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು.

“ಬಣ್ಣ ತುಂಬ ಚೆನ್ನಾಗಿದೆ ಕಣ್ರೀ” ಎಂದು ಗೋಡೆ ಮುಟ್ಟಿ, ಬೆರಳಿಗಂಟಿದ ಹಸಿರನ್ನು ನೋಡಿ ನಕ್ಕರು. ಕಸೂತಿಯ ಗಿಣಿಗಳನ್ನು ಕಂಡು, “ಇದನ್ನ ಯಾರು ಹಾಕಿದ್ದು?” ಎಂದರು.

“ನಮ್ಮ ಶೈಲೂನೇ” ಎಂದರು ಗೌರಮ್ಮ. ಶೈಲಜ ತಲೆ ತಗ್ಗಿಸಿದಳು. ಸರ್ವಮಂಗಳಮ್ಮ ಅದನ್ನು ನಾಚಿಕೆ ಎಂದುಕೊಂಡರು.

ಆಮೇಲೆ ಅವರು ಎದ್ದು ಗಂಧದ ಹಾರದ ಮುಂದೆ ನಿಂತು ಕೈಮುಗಿದರು. “ಇವಳೇನಾ ದೊಡ್ಡವಳು? ಅಯ್ಯೋ ಪಾಪ, ಎಷ್ಟು ಲಕ್ಷಣವಾಗಿದ್ದಾಳೆ! ಏನಾಗಿತ್ತು?”

“ಜ್ವರ ಬಂದಿತ್ರೀ” ಎಂದರು ಗೌರಮ್ಮ. “ಮೂರೇ ದಿನ.”

“ಹೋಗೋ ಮುಂಚೆ ಏನಾದ್ರೂ ಮಾತಾಡಿದ್ಳಾ?”

ಗಿರಿಜ ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಗೌರಮ್ಮ ಅಳತೊಡಗಿದರು. ಅದು ನಟನೆಯಲ್ಲ, ನಿಜವಾದ ಅಳು. ಅಳುತ್ತಲೇ ಹೇಳಿದರು. “ಶೈಲೂನ ಚೊಲೋ ಮನಿಗೆ ಕೊಡ್ರಿ ಅಂದ್ಳು.”

ಸರ್ವಮಂಗಳಮ್ಮನ ಕಣ್ಣಲ್ಲೂ ನೀರು ಬಂತು. ಬೀಗಿತ್ತಿಯ ಕೈ ಹಿಡಿದು, “ಇನ್ಮೇಲೆ ಶೈಲೂ ನಮ್ಮನೆ ಮಗಳು, ನೀವು ಚಿಂತೆ ಮಾಡ್ಬೇಡಿ” ಎಂದರು. ನನ್ನನ್ನು ಮನೆಗೆ ಪರಿಚಯದ ಮೇಡಂ ಎಂದು ಶಿವಲಿಂಗಪ್ಪನವರು ಹೇಳಿದ್ದರು. ಆಗ ಸರ್ವಮಂಗಳಮ್ಮನ ಕಣ್ಣು ಗಿರಿಜಳ ಮೇಲೆ ಬಿತ್ತು.

“ಈಯಮ್ಮ ಯಾರು?”

ರೋಗಿಯ ಗುಟ್ಟು ರೋಗಿಯ ಸ್ವತ್ತು, ಅದನ್ನು ನಾವು ಬಿಟ್ಟುಕೊಡುವಂತಿಲ್ಲ ಎಂಬುದು ನಮ್ಮ ವೃತ್ತಿಯ ನಿಯಮ. ಗಿರಿಜ ಒಂದು ಕಣ್ಸನ್ನೆ ಮಾಡಿದ್ದರೂ ನಾನು ಎಲ್ಲ ಹೇಳಿಬಿಡುತ್ತಿದ್ದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ತಂಗಿಯನ್ನು ನೋಡಿದಳು. ಶೈಲಜ ಎರಡೂ ಕೈಗಳನ್ನು ಎದೆಯ ಹತ್ತಿರ ಜೋಡಿಸಿಕೊಂಡಿದ್ದಳು. ಬೇಡಿಕೊಳ್ಳುತ್ತಿದ್ದಳೋ ಹೆದರಿಕೊಂಡಿದ್ದಳೋ ಹೇಳಲಾರೆ.

ಗಿರಿಜ ತನ್ನ ಹಸಿರು ಅಂಗೈಗಳನ್ನು ಹೆಗಲ ಬಟ್ಟೆಗೆ ಒರೆಸಿಕೊಂಡು ಹೇಳಿದಳು. “ಫೋಟೋ ಹಾಕಾಕ ಬಂದೀನ್ರಿ.”

“ಓ, ಕೆಲಸದೋಳಾ? ಹಾಗಾದ್ರೆ ಇದೊಂದನ್ನ ಸರಿಯಾಗಿ ಹಾಕಮ್ಮ. ವಾಲಿದೆ ನೋಡು. ಹೋದೋರ ಫೋಟೋ ಹೀಗೆ ವಾಲ್ಕೊಂಡಿರಬಾರದು.”

ಗಿರಿಜ ಸ್ಟೂಲನ್ನು ತಂದು ಅದರ ಕೆಳಗಿಟ್ಟು ಹತ್ತಿದಳು. ಎರಡು ಮುಖಗಳು ಒಂದು ಮೊಳದ ಅಂತರದಲ್ಲಿದ್ದವು. ಕೆಳಗೆ ನಿಂತು ನೋಡುತ್ತಿದ್ದ ಸರ್ವಮಂಗಳಮ್ಮನಿಗೆ ಏನೂ ಹೊಳೆಯಲಿಲ್ಲ. ಹೊಳೆಯುವಂತಿರಲೂ ಇಲ್ಲ. ಗಿರಿಜ ಕಟ್ಟಿನ ಎರಡು ಮೂಲೆ ಹಿಡಿದು ಸರಿಸಿದಳು.

“ಈಗ ನೆಟ್ಟಗಾತೇನ್ರಿ?”

“ಇನ್ನೊಂಚೂರು ಎಡಕ್ಕೆ. ಹಾಂ, ಸಾಕು.”

ಅವಳು ಇಳಿದು, ಸ್ಟೂಲನ್ನು ಗೋಡೆಗೆ ಸರಿಸಿ, ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಹಜಾರದಲ್ಲಿ ಬೀಗರು ಕೂತಿದ್ದರಿಂದ ನಾವಿಬ್ಬರೂ ಹಿತ್ತಲ ಬಾಗಿಲಿನಿಂದ ಹೊರಬಿದ್ದೆವು. ಊಟ ಆಗಿರಲಿಲ್ಲ. ರಸ್ತೆಯ ತಿರುವಿನಲ್ಲಿ ಶಿವಲಿಂಗಪ್ಪನವರು ಚಪ್ಪಲಿ ಇಲ್ಲದ ಕಾಲಲ್ಲಿ ಓಡಿಬಂದರು. ಮಗಳಿಗೆ ಏನೋ ಹೇಳುತ್ತಾರೆಂದು ನಾನು ಸ್ವಲ್ಪ ದೂರ ಸರಿದೆ. ಅವರು ನನ್ನ ಹತ್ತಿರ ಬಂದು, “ಡಾಕ್ಟರಿಗೆ ಇದನ್ನ ಹೇಳಬ್ಯಾಡ್ರಿ ಮೇಡಂ” ಎಂದರು.

ಬಸ್ಸಿನಲ್ಲಿ ಗಿರಿಜ ಕಿಟಕಿಯ ಪಕ್ಕ ಕೂತಳು. ನಾನು ಎರಡು ಟಿಕೆಟು ಕೊಂಡೆ. ಮೆಜೆಸ್ಟಿಕ್ ಹತ್ತಿರ ಬಂದಾಗ ಅವಳೇ ಹೇಳಿದಳು. “ನಾನು ಯಾವಾಗ ಸತ್ತೆ ಅಂತ ಆಯಮ್ಮ ಕೇಳಲೇ ಇಲ್ಲ ನೋಡ್ರಿ ಮೇಡಂ.”

ನಡೆದದ್ದನ್ನು ನಾನು ಡಾಕ್ಟರಿಗೆ ಹೇಳಿದೆ. ಇಷ್ಟು ದೊಡ್ಡ ಪೆಟ್ಟಿಗೆ ಕಾಯಿಲೆ ಮರುಕಳಿಸಬಹುದೆಂದು ಅವರು ಅವಳ ಮೇಲೆ ಕಣ್ಣಿಟ್ಟರು. ಮರುಕಳಿಸಲಿಲ್ಲ. ಗಿರಿಜ ಮರುದಿನವೇ ಹೊಲಿಗೆ ವಿಭಾಗಕ್ಕೆ ಹೋದಳು. “ಬುದ್ಧಿ ಕೆಟ್ಟಿದ್ರೇ ಚೊಲೋ ಇತ್ತು” ಎಂದು ಅಲ್ಲಿಯ ಟೀಚರಿಗೆ ಅಂದಳಂತೆ. ಅದು ಹುಚ್ಚಿಯ ಮಾತಾಗಿರಲಿಲ್ಲ.

ಮದುವೆ ಆಯಿತು. ಕೆಲವು ತಿಂಗಳು ಬಿಟ್ಟು ನಾನು ಮತ್ತೆ ರಾಜಾಜಿನಗರಕ್ಕೆ ಹೋದೆ. ಮುಗಿಯೋ ತನಕ ಎಂದಿದ್ದಿರಿ, ಮುಗಿಯಿತಲ್ಲ ಎಂದೆ. ಫೋಟೋ ಅದೇ ಗೋಡೆಯಲ್ಲಿತ್ತು.

“ಈಗ ಹೆಂಗ ತೆಗೆಯೋದು ಮೇಡಂ?” ಎಂದರು ಶಿವಲಿಂಗಪ್ಪನವರು. “ಅಳಿಯ ಬಂದಾಗೆಲ್ಲ ಅದಕ್ಕೆ ಕೈಮುಗಿದೇ ಕೂಡ್ತಾನ. ಬೀಗಿತ್ತಿ, ಸ್ಮರಣೆ ಯಾವತ್ತು ಮಾಡ್ತೀರಿ ಅಂತ ಕೇಳಿದ್ರು. ಒಂದು ದಿನ ಹೇಳಬೇಕಾತು. ಆ ದಿನ ಅವರೂ ಬಂದ್ರು. ಜಂಗಮರನ್ನ ಕರೆದು ಊಟ ಹಾಕಿಸಿದ್ವಿ. ಇನ್ನ ಆಕಿ ಬದುಕ್ಯಾಳ ಅಂದ್ರೆ ಶೈಲೂ ಗತಿ ಏನು?”

ನಾನು ವಾದಿಸಿದೆ. ಅಳಿಯನಿಗೆ ನಾನೇ ತಿಳಿಸಿ ಹೇಳುತ್ತೇನೆ, ಇದು ಕೂಡ ಉಳಿದ ಕಾಯಿಲೆಗಳಂತೆ ಒಂದು ಕಾಯಿಲೆ ಎಂದೆ. ಅವರು ಎದ್ದು ಕೈಮುಗಿದು ಬಾಗಿಲ ಕಡೆ ನೋಡಿದರು. ಗೌರಮ್ಮ ಒಳಗಿನಿಂದ ಬರಲೇ ಇಲ್ಲ.

ಆಮೇಲೆ ಬಹಳ ಕಾಲ ಗಿರಿಜ ವಾರ್ಡಿನಲ್ಲೇ ಉಳಿದಳು. ಅವಳಿಗೆ ಕಾಯಿಲೆ ಇರಲಿಲ್ಲ. ಕರೆದೊಯ್ಯಲು ಜನ ಇರಲಿಲ್ಲ, ಅಷ್ಟೆ. ಇಂಥವರು ನಮ್ಮಲ್ಲಿ ಅವಳೊಬ್ಬಳೇ ಅಲ್ಲ ಎಂಬುದನ್ನೂ ಹೇಳಬೇಕು. ಕೊನೆಗೆ ಡಾಕ್ಟರು ಮೇಲಿನವರೊಂದಿಗೆ ಹೋರಾಡಿ, ಅವಳನ್ನು ಅವಳದೇ ಜವಾಬ್ದಾರಿಯ ಮೇಲೆ ಬಿಡುಗಡೆ ಮಾಡಿಸಿದರು. ಮಾರೇನಹಳ್ಳಿಯಲ್ಲಿ ರೆಡಿಮೇಡ್ ಬಟ್ಟೆ ಹೊಲಿಯುವ ಒಂದು ಸಣ್ಣ ಘಟಕದಲ್ಲಿ ಕೆಲಸ ಕೊಡಿಸಿದೆ. ವಿಜಯನಗರದಲ್ಲಿ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ ಸಿಕ್ಕಿತು. ತಂದೆಯ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಅವಳು ಆ ಕಡೆ ಹೋಗಲಿಲ್ಲ, ಅವರೂ ಈ ಕಡೆ ಬರಲಿಲ್ಲ. ಮಾತ್ರೆಗಾಗಿ ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದಾಗ ನನ್ನ ಕೋಣೆಗೆ ಬಂದು ಕೂತು ಹೋಗುತ್ತಿದ್ದಳು.

ಅಂಥ ಒಂದು ದಿನವೇ ಶೈಲಜ ಬಂದಳು. ಅಕ್ಕ ಬರುವ ದಿನವನ್ನು ಯಾರಿಂದಲೋ ವಿಚಾರಿಸಿಕೊಂಡಿದ್ದಳು. ಕಂಕುಳಲ್ಲಿ ಎಳೆಯ ಹೆಣ್ಣುಮಗು. “ಒಂದೇ ಒಂದು ಸಲ ಅಕ್ಕನಿಗೆ ಇವಳನ್ನ ತೋರಿಸಿ ಹೋಗ್ತೀನಿ ಮೇಡಂ. ಮನೇಲಿ ಡಾಕ್ಟರ ಹತ್ರ ಹೋಗ್ತೀನಿ ಅಂತ ಹೇಳಿ ಬಂದಿದೀನಿ. ಬೇಗ ಹೋಗ್ಬೇಕು” ಎಂದಳು. ನಾನು ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗಿ ಹೇಳಿದೆ.

ಗಿರಿಜ ತೆರೆದ ಬಾಗಿಲಿನ ಕಡೆ ನೋಡಿದಳು. ಮಗು ಅಳುತ್ತಿದ್ದುದು ಕೇಳಿಸುತ್ತಿತ್ತು. ಅವಳ ಕೈ ತಾನಾಗಿ ಸೆರಗು ಸರಿಮಾಡಿಕೊಂಡಿತು. ಈಗ ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ.

“ಎಳೆ ಕೂಸು ಎತ್ಕೊಂಡು ಸತ್ತೋರ ಹತ್ರ ಬರಬಾರದು ಅಂತ ಹೇಳಿ ಕಳಿಸ್ರಿ.”

ಈ ಮಾತನ್ನು ಇದ್ದ ಹಾಗೆ ಶೈಲಜಳಿಗೆ ತಲುಪಿಸುವ ಧೈರ್ಯ ನನಗಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಬಾಗಿಲು ತೆರೆದೇ ಇತ್ತು. ನಾನು ಹೊರಗೆ ಬರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು.

ಈ ಕೇಸು ನನ್ನ ಕೆಲಸದ ರೀತಿಯನ್ನು ಬದಲಿಸಿತು. ಮೊದಲು ನಾನು ಹೋಮ್ ವಿಸಿಟ್ಟಿಗೆ ಹೋದರೆ, ಯಾವಾಗ ಕರೆದುಕೊಂಡು ಬರುತ್ತೀರಿ ಎಂದು ಕೇಳುತ್ತಿದ್ದೆ. ಆಮೇಲೆ ಆ ಪ್ರಶ್ನೆಯನ್ನು ಹಿಂದಕ್ಕಿಟ್ಟೆ. “ಇವರು ಎಲ್ಲಿದ್ದಾರೆ ಅಂತ ಜನಕ್ಕೆ ಏನು ಹೇಳಿದೀರಿ?” ಎಂದು ಮೊದಲು ಕೇಳತೊಡಗಿದೆ. ಮನೆಯವರು ಬೆಚ್ಚುತ್ತಿದ್ದರು, ಆಮೇಲೆ ನಿಧಾನವಾಗಿ ಹೇಳುತ್ತಿದ್ದರು. ಬೊಂಬಾಯಿಯಲ್ಲಿ ಓದುತ್ತಿದ್ದಾಳೆ, ಮಾವನ ತೋಟ ನೋಡಿಕೊಳ್ಳುತ್ತಿದ್ದಾನೆ, ಯಾತ್ರೆಗೆ ಹೋದವರು ಬಂದೇ ಇಲ್ಲ. ಸುಳ್ಳು ಹೇಳಿದಿರಲ್ಲ ಎಂದು ನಾನು ಯಾರನ್ನೂ ಬೈಯಲಿಲ್ಲ. ಬೊಂಬಾಯಿಗೆ ಹೋದವಳು ವಾಪಸು ಬರಬಹುದು. ತೋಟದಿಂದಲೂ ಯಾತ್ರೆಯಿಂದಲೂ ಮನೆಗೆ ದಾರಿ ಇದೆ. ದಾರಿ ಇರುವ ಸುಳ್ಳಾದರೆ ಆ ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದೆ. ಸತ್ತಳು ಎಂದೇ ಹೇಳಿಬಿಟ್ಟಿದ್ದರೆ, ರೋಗಿಯನ್ನು ಒಂದು ಹೊತ್ತಿಗೂ ಆ ಹೊಸ್ತಿಲಿಗೆ ಕರೆದೊಯ್ಯದೆ, ಅವಳಿಗೆ ಬೇರೆ ಸೂರು ಹುಡುಕತೊಡಗುತ್ತಿದ್ದೆ.